ಗದ್ದೆ-ಜೌಗಿನ ನೀರಿಗೂ ಒಂದು ಜಮಾ-ಖರ್ಚು

(ಮಾರನಹಳ್ಳಿಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ವಿಷಯದ ಹೆಸರು ಕೇಳಿದರೆ ಸ್ವಲ್ಪ ಭಾರವೆನಿಸಬಹುದು. ಜೌಗು ಪ್ರದೇಶಗಳಲ್ಲಿ ಸೇರುವ ಪೋಷಕಾಂಶಗಳ ಮಾಲಿನ್ಯವನ್ನು ಗಣಿತದ ಮಾದರಿಗಳ ಮೂಲಕ ತಿಳಿಯುವುದು ಹೇಗೆ ಎಂಬುದು ವಿಷಯ. ಇದು ಕಾಲೇಜಿನವರ ಮಾತು, ನಮಗೇಕೆ ಎಂದು ತಾವು ಕೇಳಬಹುದು. ಆದರೆ ಈ ಗಣಿತದ ಅರ್ಧ ಭಾಗವನ್ನು ತಾವು ದಿನಕ್ಕೆರಡು ಸಲ ಹಾಲಿನ ಡೇರಿಯಲ್ಲಿ ಮಾಡುತ್ತಲೇ ಇದ್ದೀರಿ. ಉಳಿದ ಅರ್ಧವನ್ನು ಇಂದು ಒಟ್ಟಿಗೆ ಕುಳಿತು ನೋಡೋಣ.

ಜೌಗು ಎಂದರೆ ಯಾವುದು?

ಜೌಗು ಪ್ರದೇಶ ಎಂದ ಕೂಡಲೇ ರಂಗನತಿಟ್ಟಿನಂಥ ಪಕ್ಷಿಧಾಮ ಕಣ್ಣಿಗೆ ಬರುತ್ತದೆ. ಅದು ಸರಿಯೇ. ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಹಾಗೂ ಅಘನಾಶಿನಿ ಅಳಿವೆ ಸೇರಿದವು. ಆದರೆ 1971ರಲ್ಲಿ ಆದ ಆ ಒಪ್ಪಂದದ ಪ್ರಕಾರ ಕೆರೆ, ಕಟ್ಟೆ, ನೀರು ನಿಲ್ಲುವ ತಗ್ಗು, ಭತ್ತದ ಗದ್ದೆ ಎಲ್ಲವೂ ಜೌಗು ಪ್ರದೇಶಗಳೇ. ಅಂದರೆ ಎರಡು ಕಾಫಿ ತೋಟಗಳ ನಡುವಿನ ಗದ್ದೆ ಬಯಲು, ಬೆಳೆ ಬಿಟ್ಟು ಜೊಂಡು ಬೆಳೆದ ಪಾಳು ಗದ್ದೆ, ಹಳ್ಳದ ಪಕ್ಕದ ಕೆಸರು ತಗ್ಗು, ಇವೆಲ್ಲ ನಮ್ಮ ಊರಿನ ಜೌಗುಗಳು.

ಈ ಜೌಗುಗಳಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ತಮಗೆ ಗೊತ್ತು. ಆಲೂರಿನ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಗೊರೂರು ಜಲಾಶಯಕ್ಕೆ ಹೋಗುತ್ತದೆ. ಘಟ್ಟದ ಕಡೆಯ ಕೆಂಪುಹೊಳೆಯ ನೀರು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಅಲ್ಲಿಂದ ತುಂಬೆಯ ಅಣೆಕಟ್ಟೆಯ ಮೂಲಕ ಮಂಗಳೂರಿನವರ ಕುಡಿಯುವ ನೀರಿಗೆ. 2024ರ ಸೆಪ್ಟೆಂಬರ್‌ನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕ ಮೇಲೆ ಸಕಲೇಶಪುರದ ಹಳ್ಳಗಳ ನೀರನ್ನು ಪೂರ್ವದ ಬರಸೀಮೆಗೂ ಸಾಗಿಸುವ ವ್ಯವಸ್ಥೆ ಆಗಿದೆ. ಆದ್ದರಿಂದ ನಮ್ಮ ಕೊಟ್ಟಿಗೆಯ ಹಿಂದಿನ ಚರಂಡಿ ಬರೀ ನಮ್ಮ ಮನೆಯ ವಿಚಾರವಾಗಿ ಉಳಿದಿಲ್ಲ.

ಪೋಷಕಾಂಶ ಮಾಲಿನ್ಯ ಹೇಗಾಗುತ್ತದೆ?

ಸಾರಜನಕ, ರಂಜಕ ಎರಡೂ ಬೆಳೆಗೆ ಬೇಕು. ಅವೇ ನೀರಿಗೆ ಹೆಚ್ಚಾಗಿ ಸೇರಿದರೆ ಪಾಚಿಗೆ ಗೊಬ್ಬರ ಹಾಕಿದಂತೆ. ಪಾಚಿ ಬೆಳೆಯುತ್ತದೆ, ಸಾಯುತ್ತದೆ, ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. ಆಮೇಲೆ ಮೀನು ಸಾಯುತ್ತದೆ, ನೀರು ವಾಸನೆ ಬರುತ್ತದೆ.

ಹಾಲು ಉತ್ಪಾದಕರಿಗೆ ಇದರಲ್ಲಿ ಇನ್ನೂ ಹತ್ತಿರದ ಅಪಾಯವಿದೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷ ಉಂಟುಮಾಡುತ್ತವೆ. 1878ರಲ್ಲೇ ಜಾರ್ಜ್ ಫ್ರಾನ್ಸಿಸ್ ಎಂಬುವರು ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ದಡದಲ್ಲಿ ಇಂಥ ಪಾಚಿಯ ನೀರು ಕುಡಿದು ಕುರಿ, ಕುದುರೆಗಳು ಸತ್ತದ್ದನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದರು. 2020ರಲ್ಲಿ ಆಫ್ರಿಕದ ಬೋಟ್ಸ್ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ನೀರಿನ ಹೊಂಡಗಳ ಪಾಚಿ ವಿಷವೇ ಕಾರಣವೆಂದು ಹೇಳಿತು. ಆನೆಯನ್ನೇ ಉರುಳಿಸಬಲ್ಲ ವಿಷ ಹಸುವನ್ನು ಬಿಟ್ಟೀತೆ? ಬಣ್ಣ ಬಳಿದಂತೆ ಹಸಿರು ಕೆನೆ ಕಟ್ಟಿದ ನೀರಿಗೆ ದನವನ್ನು ಬಿಡಬೇಡಿ ಎನ್ನುವುದು ಇದಕ್ಕಾಗಿ.

ಸಾರಜನಕ ನೈಟ್ರೇಟ್ ರೂಪದಲ್ಲಿ ಬಾವಿಗೆ ಇಳಿದರೆ ಎಳೆ ಮಕ್ಕಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಎರಡರಲ್ಲಿ ಕೆರೆಯನ್ನು ಹಸಿರಾಗಿಸುವ ಮುಖ್ಯ ಅಪರಾಧಿ ಯಾರು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಎಂಬುವರು 1973ರಲ್ಲಿ ಒಂದು ಸರೋವರವನ್ನೇ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರು ಬಣ್ಣಕ್ಕೆ ತಿರುಗಿತು. ಅಂದಿನಿಂದ ಸಿಹಿನೀರಿನ ಲೆಕ್ಕದಲ್ಲಿ ರಂಜಕಕ್ಕೆ ಮೊದಲ ಸ್ಥಾನ.

ಡೇರಿಯ ಲೆಕ್ಕವೇ ಹಳ್ಳದ ಲೆಕ್ಕ

ಡೇರಿಯಲ್ಲಿ ನಿಮ್ಮ ಹಾಲಿಗೆ ಬರೀ ಅಳತೆ ನೋಡಿ ಹಣ ಕೊಡುವುದಿಲ್ಲ. ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ. 10 ಕೆ.ಜಿ. ಹಾಲು, ಫ್ಯಾಟ್ 4 ಎಂದರೆ ಅದರಲ್ಲಿರುವ ಜಿಡ್ಡು 400 ಗ್ರಾಂ. 20 ಕೆ.ಜಿ. ಹಾಲು, ಫ್ಯಾಟ್ 3 ಎಂದರೆ 600 ಗ್ರಾಂ. ಫ್ಯಾಟ್ ಕಡಿಮೆಯಿದ್ದರೂ ಹಾಲು ಹೆಚ್ಚಿದ್ದರಿಂದ ಒಟ್ಟು ಜಿಡ್ಡು ಹೆಚ್ಚು. ಇದಿಷ್ಟೇ ಗಣಿತದ ಮಾದರಿಯ ಮೊದಲ ಪಾಠ.

ಈಗ ಹಾಲಿನ ಬದಲು ಹಳ್ಳದ ನೀರು, ಜಿಡ್ಡಿನ ಬದಲು ರಂಜಕ ಎಂದಿಟ್ಟುಕೊಳ್ಳಿ. ತಿಳಿಯಲೆಂದು ಹಿಡಿದ ಅಂಕಿಗಳು ಇವು. ಮಾರ್ಚ್‌ನಲ್ಲಿ ಹಳ್ಳದಲ್ಲಿ ಸೆಕೆಂಡಿಗೆ 2 ಲೀಟರ್ ಹರಿಯುತ್ತಿದೆ, ಲೀಟರಿಗೆ 0.2 ಮಿಲಿಗ್ರಾಂ ರಂಜಕವಿದೆ. ದಿನಕ್ಕೆ ಸಾಗುವ ರಂಜಕ ಸುಮಾರು 35 ಗ್ರಾಂ. ಜುಲೈನಲ್ಲಿ ಸೆಕೆಂಡಿಗೆ 100 ಲೀಟರ್ ಹರಿಯುತ್ತಿದೆ, ರಂಜಕ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ದಿನಕ್ಕೆ ಸಾಗುವುದು 432 ಗ್ರಾಂ. ನೀರು ನಾಲ್ಕು ಪಾಲು ಶುದ್ಧವಾಗಿ ಕಂಡರೂ ಕೆಳಗಿನ ಕೆರೆಗೆ ಹೋದ ಮಾಲು ಹನ್ನೆರಡು ಪಾಲು ಹೆಚ್ಚು! ಬೇಸಿಗೆಯಲ್ಲಿ ಒಂದು ಬಾಟಲಿ ನೀರು ತೆಗೆದು ಪರೀಕ್ಷೆ ಮಾಡಿಸಿ, ಇಷ್ಟೇ ಎಂದು ತೀರ್ಮಾನಿಸಿದರೆ ಲೆಕ್ಕ ಹೇಗೆ ತಪ್ಪುತ್ತದೆ ನೋಡಿ.

ಎರಡನೆಯ ಪಾಠ ನಿಮ್ಮ ಕಾರ್ಯದರ್ಶಿಗಳ ಪುಸ್ತಕದಲ್ಲಿದೆ. ಆರಂಭದ ಶಿಲ್ಕಿಗೆ ಜಮಾ ಕೂಡಿಸಿ ಖರ್ಚು ಕಳೆದರೆ ಆಖೈರು ಶಿಲ್ಕು. ಜೌಗಿಗೂ ಹಾಗೆಯೇ. ಗೊಬ್ಬರ, ತಿಪ್ಪೆ, ಬಚ್ಚಲ ನೀರು, ಮಳೆಯ ಜೊತೆ ಕೊಚ್ಚಿ ಬಂದ ಮಣ್ಣು ಇವು ಜಮಾ. ಹೊರಗೆ ಹರಿದ ನೀರು, ಕೊಯ್ದ ಹುಲ್ಲು, ಗಾಳಿಗೆ ಹಾರಿದ ಸಾರಜನಕ ಇವು ಖರ್ಚು. ಕೆಸರಿನಲ್ಲಿ ಉಳಿದದ್ದು ಶಿಲ್ಕು. ಪುಸ್ತಕ ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಬತ್ತು ಬಿಟ್ಟುಹೋಗಿದೆ ಎಂದರ್ಥ. ಅದನ್ನು ಹುಡುಕಲು ಹಚ್ಚುವುದೇ ಮಾದರಿಯ ದೊಡ್ಡ ಉಪಕಾರ.

ಇಂಥ ಲೆಕ್ಕ ಶುರುವಾದದ್ದು ನೂರು ವರ್ಷದ ಹಿಂದೆ. 1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ಇಬ್ಬರು ಅಮೆರಿಕದ ಓಹಿಯೋ ನದಿಗೆ ಕೊಳೆ ಸೇರಿದ ಮೇಲೆ ಆಮ್ಲಜನಕ ಹೇಗೆ ಇಳಿಯುತ್ತದೆ, ಮುಂದೆ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಸೂತ್ರ ಬರೆದರು. ಆಮ್ಲಜನಕ ತೀರ ತಳ ಮುಟ್ಟುವುದು ಕೊಳೆ ಸೇರಿದ ಜಾಗದಲ್ಲಲ್ಲ, ಅಲ್ಲಿಂದ ಎಷ್ಟೋ ದೂರ ಕೆಳಗೆ ಎಂಬುದು ಅದರಿಂದ ತಿಳಿಯಿತು. ನಮ್ಮಲ್ಲಿ ಕಾಫಿ ಪಲ್ಪಿಂಗ್ ನೀರಿನಲ್ಲಿ ಸಕ್ಕರೆ, ಲೋಳೆ ಬಹಳ. ಅದನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ, ಅದೂ ಹಣ್ಣು ಕೊಯ್ಯುವ ಕಾಲಕ್ಕೆ ಹಳ್ಳ ಸೊರಗುತ್ತಾ ಬಂದಿರುವಾಗ, ಮೀನು ಸಾಯುವುದು ಕೆಳಗಿನ ಊರಿನಲ್ಲಿ. ಮೇಲಿನವರಿಗೆ ಗೊತ್ತೇ ಆಗುವುದಿಲ್ಲ.

ರಂಜಕಕ್ಕೆ ಇಂಥದೇ ಸರಳ ಸೂತ್ರವನ್ನು ರಿಚರ್ಡ್ ವೊಲೆನ್‌ವೈಡರ್ 1970ರ ದಶಕದಲ್ಲಿ ಕೊಟ್ಟರು. ಕೆರೆಗೆ ಬರುವ ನೀರಿನಲ್ಲಿ ಎಷ್ಟು ರಂಜಕವಿದೆ, ಆ ನೀರು ಕೆರೆಯಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಎಂಬ ಎರಡೇ ಅಂಕಿ ಸಾಕು. ನಿಲ್ಲುವ ವರ್ಷದ ವರ್ಗಮೂಲಕ್ಕೆ ಒಂದು ಕೂಡಿಸಿ, ಬರುವ ನೀರಿನ ರಂಜಕವನ್ನು ಅದರಿಂದ ಭಾಗಿಸಬೇಕು. ಬರುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದು, ಒಂದು ವರ್ಷ ನಿಂತರೆ ಕೆರೆಯಲ್ಲಿ 0.05 ಇರುತ್ತದೆ. ಸುಮಾರು 0.035 ದಾಟಿದರೆ ಕೆರೆಗೆ ಅತಿಪೋಷಣೆ ಆಗಿದೆ ಎನ್ನುತ್ತಾರೆ. ಹಾಗಾದರೆ ಈ ಕೆರೆಯನ್ನು ಉಳಿಸಲು ಬರುವ ರಂಜಕವನ್ನು 0.1ರಿಂದ 0.07ಕ್ಕೆ, ಅಂದರೆ ನೂರಕ್ಕೆ 30ರಷ್ಟು ಇಳಿಸಬೇಕು. ‘ಕಡಿಮೆ ಮಾಡಿ’ ಎನ್ನುವುದು ಉಪದೇಶ. ‘ಇಷ್ಟು ಕಡಿಮೆ ಮಾಡಿ’ ಎನ್ನುವುದು ಲೆಕ್ಕ.

ಜೌಗು ಎಷ್ಟು ತೊಳೆಯುತ್ತದೆ?

ಜೌಗು ನೀರನ್ನು ಸೋಸುತ್ತದೆ ಎಂದು ಕೇಳಿರುತ್ತೀರಿ. ನಿಜ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರನ್ನು ಜೊಂಡು-ಆಪು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ಮಾಡಲಾಯಿತು. ಅಲ್ಲಿ ನೀರು ಒಳಬರುವ ಕಡೆ, ಹೊರಹೋಗುವ ಕಡೆ ಅಳೆದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪೋಷಕಾಂಶಗಳು ಇಳಿದದ್ದನ್ನು ತೋರಿಸಿದ್ದಾರೆ. ಅದೇ ಊರಿನ ಬೆಳ್ಳಂದೂರು ಕೆರೆ ಹೊರೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಚರಂಡಿ ನೀರು ತುಂಬಿ, ನೊರೆ ರಸ್ತೆಗೆ ಬಂದು, 2017 ಮತ್ತು 2018ರಲ್ಲಿ ಕೆರೆಯ ಮೇಲೆ ಬೆಂಕಿಯೇ ಎದ್ದಿತು.

ಎರಡರ ನಡುವಿನ ಅಂತರ ತಿಳಿಯಲು ಒಂದು ಸಣ್ಣ ಮಾದರಿ ಸಾಕು. ಜೌಗು ಪ್ರತಿ ದಿನ ತನ್ನಲ್ಲಿರುವ ಸಾರಜನಕದಲ್ಲಿ ನೂರಕ್ಕೆ 20 ಪಾಲು ತೆಗೆಯುತ್ತದೆ ಎಂದುಕೊಳ್ಳಿ. ಇದು ಚಕ್ರಬಡ್ಡಿಯನ್ನು ತಿರುಗಿಸಿದಂತೆ. 100 ಇದ್ದದ್ದು ಮೊದಲ ದಿನ 80, ಎರಡನೆಯ ದಿನ 64, ಆಮೇಲೆ 51, 41, ಐದನೆಯ ದಿನ 33. ನೀರು ಐದು ದಿನ ನಿಂತರೆ ಮೂರರಲ್ಲಿ ಎರಡು ಪಾಲು ಹೋಯಿತು. ಒಂದೇ ದಿನದಲ್ಲಿ ಹರಿದುಹೋದರೆ ಬರೀ 20 ಪಾಲು. ಜೌಗು ಅದೇ, ಗಿಡ ಅದೇ. ವ್ಯತ್ಯಾಸವೆಲ್ಲ ನೀರು ನಿಂತ ದಿನಗಳದ್ದು.

ಮಾರನಹಳ್ಳಿಯ ಸುತ್ತಿನವರಿಗೆ ಇದರ ಅರ್ಥ ಏನು? ಹಾಸನ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ 4 ಲಕ್ಷ ಲೀಟರ್ ನೀರು. ಜುಲೈನಲ್ಲಿ ಇಳಿಜಾರಿನಿಂದ ಅಷ್ಟು ನೀರು ಇಳಿಯುವಾಗ ಗದ್ದೆ ಬಯಲಿನಲ್ಲಿ ಅದು ದಿನಗಟ್ಟಲೆ ನಿಲ್ಲುವುದಿಲ್ಲ. ಜೌಗಿಗೆ ಕೆಲಸ ಮಾಡಲು ಬಿಡುವೇ ಇಲ್ಲ. ಅಕ್ಟೋಬರ್ ಕಳೆದ ಮೇಲೆ ಜೌಗು ನಮ್ಮನ್ನು ಕಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಟ್ಟಿಗೆಯನ್ನು ನಾವೇ ಕಾಯಬೇಕು. ಇಂದಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ರಂಜಕದ ವಿಷಯ ಇನ್ನೂ ಸ್ವಲ್ಪ ಬೇರೆ. ಸಾರಜನಕವನ್ನು ಜೌಗಿನ ಸೂಕ್ಷ್ಮಜೀವಿಗಳು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಹಾಗೆ ಹಾರಿಹೋಗುವ ದಾರಿಯಿಲ್ಲ. ಅದು ಕೆಸರಿನಲ್ಲೇ ಕೂರುತ್ತದೆ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕೆಸರಿನಲ್ಲಿ ಆಮ್ಲಜನಕ ತೀರಿದಾಗ ಕಬ್ಬಿಣ ತನ್ನ ಹಿಡಿತ ಸಡಿಲಿಸಿ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಆದ್ದರಿಂದ ಶಿಲ್ಕು ಬೆಳೆಯುತ್ತಾ ಹೋದ ಜೌಗು ಒಂದು ದಿನ ಸಾಲ ವಸೂಲಿಗೆ ನಿಲ್ಲುತ್ತದೆ. ಹುಲ್ಲು, ಜೊಂಡು ಕೊಯ್ದು ಹೊರಗೆ ಒಯ್ದರೆ ಸ್ವಲ್ಪ ಶಿಲ್ಕು ಇಳಿಯುತ್ತದೆ.

ನಲವತ್ತು ಹಸುವಿನ ಲೆಕ್ಕ

ಈಗ ನಮ್ಮದೇ ಒಂದು ಮಾದರಿ ಮಾಡೋಣ. ಒಂದು ಹಳ್ಳದ ಬಯಲಿಗೆ ಸೇರಿದ ಮನೆಗಳಲ್ಲಿ 40 ಮಿಶ್ರತಳಿ ಹಸುಗಳಿವೆ ಎನ್ನೋಣ. ಹಸುವಿಗೆ ದಿನಕ್ಕೆ 20 ಕೆ.ಜಿ. ಸಗಣಿ ಎಂದು ಹಿಡಿದರೆ ದಿನಕ್ಕೆ 800 ಕೆ.ಜಿ., ಮಳೆಗಾಲದ 100 ದಿನಕ್ಕೆ 80 ಟನ್. ಹಸಿ ಸಗಣಿಯಲ್ಲಿ ಟನ್ನಿಗೆ 3 ಕೆ.ಜಿ. ಸಾರಜನಕ, ಅರ್ಧ ಕೆ.ಜಿ. ರಂಜಕ ಎಂದು ಕೈ ಬಿಗಿಹಿಡಿದೇ ಲೆಕ್ಕ ಮಾಡೋಣ. ಗಂಜಲವನ್ನು ಸದ್ಯಕ್ಕೆ ಬಿಡೋಣ. ಒಟ್ಟು 240 ಕೆ.ಜಿ. ಸಾರಜನಕ, 40 ಕೆ.ಜಿ. ರಂಜಕ.

ತಿಪ್ಪೆ ಬಯಲಿನಲ್ಲಿ ನೆನೆಯುತ್ತಿದೆ. ಸಾರಜನಕದಲ್ಲಿ ನೂರಕ್ಕೆ 30, ರಂಜಕದಲ್ಲಿ ನೂರಕ್ಕೆ 10 ಕೊಚ್ಚಿಹೋಯಿತು ಎನ್ನೋಣ. ಸಾರಜನಕ ಹೋದದ್ದು 72 ಕೆ.ಜಿ. ಅದು ಸುಮಾರು 156 ಕೆ.ಜಿ. ಯೂರಿಯಕ್ಕೆ, ಅಂದರೆ 45 ಕೆ.ಜಿ.ಯ ಮೂರೂವರೆ ಚೀಲಕ್ಕೆ ಸಮ. ರಂಜಕ ಹೋದದ್ದು 4 ಕೆ.ಜಿ. ಅದು ಸುಮಾರು 20 ಕೆ.ಜಿ. ಡಿಎಪಿಗೆ ಸಮ, ಅರ್ಧ ಚೀಲವೂ ಆಗಲಿಲ್ಲ.

ಇಷ್ಟಕ್ಕೇ ಇಷ್ಟು ಮಾತೇ ಎನ್ನಬಹುದು. ಇದೇ 4 ಕೆ.ಜಿ. ರಂಜಕವನ್ನು ನೀರಿನ ಕಡೆಯಿಂದ ನೋಡಿ. ಲೀಟರಿಗೆ 0.035 ಮಿಲಿಗ್ರಾಂ ಎಂಬ ಗಡಿಯನ್ನು ಮುಟ್ಟಿಸಲು ಅದು 11 ಕೋಟಿ ಲೀಟರಿಗಿಂತ ಹೆಚ್ಚು ನೀರಿಗೆ ಸಾಕು. ಎಕರೆ ವಿಸ್ತಾರದ, ಎರಡು ಮೀಟರ್ ಆಳದ 14 ಕೆರೆಗಳ ನೀರು ಅದು. ರೈತನ ಜೇಬಿಗೆ ಲೆಕ್ಕಕ್ಕಿಲ್ಲದ ನಷ್ಟ, ನೀರಿಗೆ ತಡೆಯಲಾರದ ಹೊರೆ. ಪೋಷಕಾಂಶ ಮಾಲಿನ್ಯ ಎಲ್ಲ ಕಡೆ ಬೆಳೆದದ್ದು ಹೀಗೆಯೇ. ಯಾರ ಮನೆಯಲ್ಲೂ ದೊಡ್ಡ ನಷ್ಟ ಕಾಣದ ಕಾರಣ ಯಾರೂ ತಡೆಯಲು ಹೋಗುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ಒಳ್ಳೆಯದಕ್ಕೆ ಹೇಗೋ ಕೆಟ್ಟದ್ದಕ್ಕೂ ಹಾಗೆಯೇ.

ಈಗ ಮಾದರಿಯಲ್ಲಿ ಒಂದು ಅಂಕಿ ಬದಲಿಸೋಣ. ಗುಂಡಿಗೆ ಮಾಡು ಹಾಕಿ, ಸುತ್ತ ಬದು ಕಟ್ಟಿ, ಕೊಚ್ಚಿಹೋಗುವ ರಂಜಕವನ್ನು ನೂರಕ್ಕೆ 10ರಿಂದ 2ಕ್ಕೆ ಇಳಿಸಿದರೆ 4 ಕೆ.ಜಿ. ಇದ್ದದ್ದು 800 ಗ್ರಾಂ ಆಗುತ್ತದೆ. ಇನ್ನೊಂದು ಅಂಕಿ ಬದಲಿಸೋಣ. ಗದ್ದೆ ಬಯಲಿಗೆ ಕಾಲುವೆ ಒಡೆದು ನೀರು ಬಸಿದು ಶುಂಠಿ ಹಾಕಿದೆವು ಎನ್ನೋಣ. ಶುಂಠಿಗೆ ಸುರಿಯುವ ಗೊಬ್ಬರದಿಂದ ಜಮಾ ಏರಿತು. ನೀರು ನಿಲ್ಲುವ ದಿನ ಕಡಿಮೆಯಾಗಿ ಸೋಸುವ ಕೆಲಸ ನಿಂತಿತು. ಹಳೆಯ ಕೆಸರು ಗಾಳಿಗೆ ಒಡ್ಡಿಕೊಂಡು ಕೊಳೆತು ಹಿಂದಿನ ಶಿಲ್ಕೂ ಹೊರಬಿತ್ತು. ಒಂದೇ ಕೆಲಸಕ್ಕೆ ಮೂರು ಕಡೆ ಪೆಟ್ಟು. ಶುಂಠಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ, ಬೆಲೆ ಬಂದ ವರ್ಷ ಅದು ಎಷ್ಟೋ ಮನೆಗಳ ಸಾಲ ತೀರಿಸಿದೆ. ಆದರೆ ಬಯಲಿನ ಕೊನೆಯ ತಗ್ಗನ್ನಾದರೂ ಜೊಂಡು-ಹುಲ್ಲಿಗೆ ಬಿಡಿ ಎಂದು ಲೆಕ್ಕ ಹೇಳುತ್ತದೆ.

ಮಾದರಿಯನ್ನು ಎಷ್ಟು ನಂಬಬೇಕು?

ಮೇಲೆ ಹೇಳಿದ 20, 30, 10 ಎಂಬ ಅಂಕಿಗಳು ಹಿಡಿದ ಅಂಕಿಗಳು. ಒಂದು ಜೌಗಿನ ಅಂಕಿ ಇನ್ನೊಂದಕ್ಕೆ ಒಗ್ಗುವುದಿಲ್ಲ. ಚಳಿ, ಬಿಸಿಲು, ಗಿಡ, ಮಣ್ಣು ಎಲ್ಲವೂ ಅದನ್ನು ಬದಲಿಸುತ್ತವೆ. ಹೊರದೇಶದ ಸೂತ್ರವನ್ನು ತಂದು ಇಲ್ಲಿ ಹಾಗೆಯೇ ಕೂರಿಸಿದರೆ, ಎಮ್ಮೆ ಹಾಲಿನ ದರಪಟ್ಟಿಯಲ್ಲಿ ಹಸುವಿನ ಹಾಲಿಗೆ ಬಟವಾಡೆ ಮಾಡಿದಂತಾಗುತ್ತದೆ. ಮಾದರಿಯನ್ನು ಊರಿನ ಅಳತೆಗೆ ತಾಳೆ ನೋಡಿ ಹೊಂದಿಸಬೇಕು. ಅಳತೆ ಕೊಡಬಲ್ಲವರು ಇಲ್ಲಿ ವರ್ಷವಿಡೀ ಇರುವ ತಾವು.

ಹಳ್ಳದ ಹರಿವು ಅಳೆಯಲು ದುಬಾರಿ ಯಂತ್ರ ಬೇಡ. ನೇರವಾಗಿ ಹರಿಯುವ ಕಡೆ 10 ಮೀಟರ್ ಗುರುತು ಮಾಡಿ, ತೆಂಗಿನ ಚಿಪ್ಪನ್ನು ತೇಲಿಬಿಟ್ಟು ಗಡಿಯಾರ ನೋಡಿ. 20 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಹಳ್ಳದ ಅಗಲ 1 ಮೀಟರ್, ಆಳ 20 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 100 ಲೀಟರ್. ತಳದ ನೀರು ನಿಧಾನವಾದ್ದರಿಂದ ಐದರಲ್ಲಿ ಒಂದು ಪಾಲು ಕಳೆದು 80 ಎಂದು ಬರೆಯಿರಿ. ಕಾಫಿ ತೋಟಗಳಲ್ಲಿ ಮಳೆ ಬರೆದಿಡುವ ಒಳ್ಳೆಯ ರೂಢಿ ಮೊದಲಿನಿಂದ ಇದೆ. ಆ ಪುಸ್ತಕದಲ್ಲೇ ಹಳ್ಳದ ಹರಿವಿಗೂ ಒಂದು ಕಾಲಂ ಹಾಕಿ. ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡುವಾಗ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕೊಡಿ.

ಮಾಡಬೇಕಾದ ಕೆಲಸಗಳು

1. ಮುಂಗಾರು ಹಿಡಿಯುವ ಮೊದಲೇ ಗೊಬ್ಬರದ ಗುಂಡಿಗೆ ಮಾಡು ಹಾಕಿ. ಮೇಲಿನಿಂದ ಬರುವ ಮಳೆ ನೀರು ಗುಂಡಿಗೆ ನುಗ್ಗದಂತೆ ಬದು ಕಟ್ಟಿ.

2. ಹೊಸ ತಿಪ್ಪೆಯನ್ನು ಹಳ್ಳದ ದಂಡೆಯಲ್ಲಿ, ಬಾವಿಯ ಮೇಲ್ಭಾಗದಲ್ಲಿ ಮಾಡಬೇಡಿ.

3. ಕೊಟ್ಟಿಗೆ ತೊಳೆಯುವ ಮೊದಲು ಸಗಣಿ ಬಾಚಿ ತೆಗೆಯಿರಿ. ತೊಳೆದ ನೀರನ್ನೂ ಗೋಬರ್ ಗ್ಯಾಸ್ ಬಗ್ಗಡವನ್ನೂ ನೇಪಿಯರ್ ಹುಲ್ಲಿನ ಮಡಿಗೆ ತಿರುಗಿಸಿ. ಹಳ್ಳಕ್ಕೆ ಹೋಗಬೇಕಾಗಿದ್ದ ಸಾರಜನಕ ಮೇವಾಗಿ, ಹಾಲಾಗಿ ತಿರುಗಿ ಬರುತ್ತದೆ.

4. ತೋಟಕ್ಕೂ ಗದ್ದೆಗೂ ರಸಗೊಬ್ಬರವನ್ನು ಕಂತಿನಲ್ಲಿ ಹಾಕಿ. ಭಾರಿ ಮಳೆಯ ಮುನ್ಸೂಚನೆ ಇದ್ದ ದಿನ ಚೀಲ ಬಿಚ್ಚಬೇಡಿ.

5. ಹಳ್ಳದ ಎರಡೂ ಬದಿಗೆ ಕೆಲವು ಅಡಿ ಅಗಲ ಹುಲ್ಲಿನ ಪಟ್ಟಿ ಉಳಿಸಿ. ಅದನ್ನು ಕೊಯ್ದು ದನಕ್ಕೆ ಹಾಕಿ.

6. ಪಲ್ಪಿಂಗ್ ನೀರನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಡಬೇಡಿ.

ಬಂಧುಗಳೇ, ಪಟ್ಟಣದ ಚರಂಡಿಯನ್ನು ದೂರುವುದು ಸುಲಭ, ದೂರಲೂಬೇಕು. ಆದರೆ ಲೆಕ್ಕದ ಪುಸ್ತಕ ಯಾರ ಮುಲಾಜನ್ನೂ ನೋಡುವುದಿಲ್ಲ. ಜಮಾ ಕಡೆ ಯಾರ ಹೆಸರಿದೆಯೋ ಅದನ್ನೇ ತೋರಿಸುತ್ತದೆ. ನಮ್ಮ ಹೆಸರಿರುವ ಸಾಲಿನ ಅಂಕಿಯನ್ನು ಇಳಿಸುವುದು ನಮ್ಮ ಕೈಯಲ್ಲಿದೆ. ಒಬ್ಬರು ಮಾಡು ಹಾಕಿದರೆ ಹಳ್ಳಕ್ಕೆ ಗೊತ್ತಾಗುವುದಿಲ್ಲ. ಬಯಲಿನ ನಲವತ್ತು ಹಸುವಿನವರೂ ಸೇರಿ ಮಾಡಿದರೆ ಕೆಳಗಿನ ಕೆರೆಗೆ ಗೊತ್ತಾಗುತ್ತದೆ. ಹಾಲನ್ನು ಒಟ್ಟಿಗೆ ಮಾರಲು ಕಲಿತ ನಮಗೆ ಇದು ಹೊಸ ಪಾಠವೇನಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಮ್ಮ ತಮ್ಮ ಹಳ್ಳದ ಲೆಕ್ಕವನ್ನು ಒಂದು ವಿಷಯವಾಗಿ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.